ಪಠ್ಯಪುಸ್ತಕವೂ 'ಮಾಊನ್' ಅಲ್ಲವೇ?

ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ಮೊದಲ ದಿವ್ಯವಾಣಿ ಆರಂಭವಾದದ್ದೇ ಓದುವ ಆದೇಶದಿಂದ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದುಬರಹ ಕಲಿಸಿದರೆ ಅದನ್ನೇ ಅವರ ಬಿಡುಗಡೆಯ ಮೌಲ್ಯವೆಂದು ಪ್ರವಾದಿವರ್ಯರು(ಸ) ಸ್ವೀಕರಿಸಿದರು. ಈ ಪರಂಪರೆಯ ವಾರಸುದಾರರಾದ ನಮ್ಮ ಮನೆಗಳಲ್ಲಿ ಪಠ್ಯಪುಸ್ತಕದ ಗತಿ ಏನಾಗಿದೆ?

ಬೀದರ್ ಜಿಲ್ಲೆಯ ನಿರ್ಣಾದಂತಹ ಊರುಗಳಿಂದ ಹುಮನಾಬಾದ್, ಬಸವಕಲ್ಯಾಣ, ಬೀದರ್‌ಗಳ ಕಾಲೇಜಿಗೆ ಹೋಗುವ ಮಕ್ಕಳ ತಂದೆಯರಲ್ಲಿ ಅನೇಕರು ದಿನಗೂಲಿಯವರು, ಸಣ್ಣ ಹಿಡುವಳಿದಾರರು. ಶುಲ್ಕ ಕಟ್ಟಿ, ಬಸ್ ಪಾಸ್ ಮಾಡಿಸಿದ ಮೇಲೆ ಪುಸ್ತಕದ ಸರದಿ ಬರುವಾಗ ಕೈ ಬರಿದಾಗಿರುತ್ತದೆ. ಅಣ್ಣನಿಗೆ ಕೊಂಡ ಮೇಲೆ ತಂಗಿಗೆ 'ಮುಂದೆ ನೋಡೋಣ' ಎಂಬ ಉತ್ತರ ಸಿಗುತ್ತದೆ. ಆ 'ಮುಂದೆ' ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಬರುವುದೇ ಇಲ್ಲ. ಅದೇ ಹೊತ್ತಿಗೆ ಅದೇ ಓಣಿಯ ಇನ್ನೊಂದು ಮನೆಯಲ್ಲಿ ಪರೀಕ್ಷೆ ಮುಗಿದ ಪುಸ್ತಕಗಳು ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿರುತ್ತವೆ.

ಕುರ್‌ಆನ್‌ನ 107ನೇ ಅಧ್ಯಾಯದ ಹೆಸರು 'ಅಲ್ ಮಾಊನ್'. ನಿತ್ಯಬಳಕೆಯ ಸಣ್ಣಪುಟ್ಟ ವಸ್ತುಗಳನ್ನು ನೆರೆಹೊರೆಗೆ ಕೊಡಲು ಹಿಂಜರಿಯುವವರನ್ನು ಅದು ತೋರಿಕೆಯ ನಮಾಝಿಗರ ಸಾಲಿನಲ್ಲಿ ನಿಲ್ಲಿಸುತ್ತದೆ. ಪಾತ್ರೆ, ಕೊಡಲಿ, ನೀರು ಸೇದುವ ಬಕೀಟುಗಳನ್ನು ವ್ಯಾಖ್ಯಾನಕಾರರು ಉದಾಹರಣೆಯಾಗಿ ಕೊಟ್ಟಿದ್ದಾರೆ. ವಿದ್ಯಾರ್ಥಿಯ ಮನೆಯಲ್ಲಿ ಪಠ್ಯಪುಸ್ತಕವೂ ಅಂತಹದೇ ವಸ್ತು. ಕೊಟ್ಟರೆ ಕೊಟ್ಟವನಿಗೆ ನಷ್ಟವಿಲ್ಲ, ಕೊಡದಿದ್ದರೆ ಪಡೆಯಬೇಕಾದವನ ಒಂದು ವರ್ಷವೇ ಹೋದೀತು.

ನಮ್ಮ ಜಿಲ್ಲೆಗೆ ಇದು ಹೊಸ ಮಾತಲ್ಲ. 1472ರಲ್ಲಿ ಬೀದರ್‌ನಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್, ಅಲ್ಲಿ ಸುಮಾರು 3,000 ಗ್ರಂಥಗಳ ಭಂಡಾರವನ್ನು ಇರಿಸಿದ್ದನೆಂದು ಇತಿಹಾಸ ಹೇಳುತ್ತದೆ. ಕೈಯಲ್ಲೇ ಬರೆದು ಪ್ರತಿ ಮಾಡಬೇಕಿದ್ದ ಕಾಲದಲ್ಲಿ ವಿದ್ಯಾರ್ಥಿಯೊಬ್ಬ ಅಷ್ಟು ಪುಸ್ತಕ ಕೊಳ್ಳುವುದು ಅಸಾಧ್ಯವಾಗಿತ್ತು. ಒಂದೇ ಪುಸ್ತಕವನ್ನು ನೂರು ಮಂದಿ ಓದುವುದೇ ಅದಕ್ಕೆ ಪರಿಹಾರವಾಗಿತ್ತು.

ಇಂದು ಅದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಮಸೀದಿಯ ಕೋಣೆಯಲ್ಲಿ ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಜವಾಬ್ದಾರಿ ಹೊರುವ ಇಬ್ಬರು ಯುವಕರು ಮತ್ತು ಹೆಣ್ಣುಮಕ್ಕಳಿಗಾಗಿ ಒಬ್ಬ ಸಹೋದರಿ ಇದ್ದರೆ ಸಾಕು. ಸೆಮಿಸ್ಟರ್ ಮುಗಿದೊಡನೆ ಪುಸ್ತಕ ಕಪಾಟಿಗೆ ಮರಳಬೇಕು. ಇದು ಎರವಲು, ದಾನವಲ್ಲ. ಆದ್ದರಿಂದ ಪಡೆಯುವವನ ತಲೆ ತಗ್ಗುವುದಿಲ್ಲ. ನೆರೆಯ ಹಿಂದೂ ಸಹೋದರನ ಮಗನಿಗೂ ಆ ಕಪಾಟು ತೆರೆದಿರಲಿ. ನೆರೆಯವನ ಹಕ್ಕಿಗೆ ಧರ್ಮದ ಷರತ್ತಿಲ್ಲ.

ಪಠ್ಯಕ್ರಮ ಬದಲಾಗುತ್ತದೆಯಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬದಲಾದ ಪದವಿ ವ್ಯವಸ್ಥೆ, 2024-25ರಿಂದ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಿತು. ಹಾಗಾಗಿ ಹಳೆಯ ಪುಸ್ತಕ ತೆಗೆದುಕೊಳ್ಳುವ ಮುನ್ನ ಈ ವರ್ಷದ ಪಠ್ಯಕ್ರಮದೊಂದಿಗೆ ಅಧ್ಯಾಯಗಳನ್ನು ಹೋಲಿಸಿ ನೋಡಬೇಕು. ಆದರೆ ಲೆಕ್ಕಶಾಸ್ತ್ರದ, ಭೌತಶಾಸ್ತ್ರದ ಮೂಲತತ್ತ್ವಗಳು ನೀತಿಯೊಂದಿಗೆ ಬದಲಾಗುವುದಿಲ್ಲ. ಉಳಿದ ಕೊರತೆಯನ್ನು ಇಗ್ನೋದ ಇ-ಜ್ಞಾನಕೋಶ, ಸ್ವಯಂ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಗಳ ಉಚಿತ ಸಾಮಗ್ರಿ ಬಹುಮಟ್ಟಿಗೆ ತುಂಬುತ್ತದೆ. ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಕೇಳುವುದು ನಮ್ಮ ಹಕ್ಕು.

ಉಳಿತಾಯದ ಹೆಸರಿನಲ್ಲಿ ಅನ್ಯರ ಹಕ್ಕು ಕಸಿಯುವಂತಿಲ್ಲ ಎಂಬುದನ್ನೂ ಹೇಳಬೇಕು. ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆಯೆಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಇಡೀ ಪುಸ್ತಕವನ್ನು ಕದ್ದು ಮುದ್ರಿಸಿ ಮಾರುವುದು ಬೇರೆ ಮಾತು. ಅದು ಲೇಖಕನ ದುಡಿಮೆಗೆ ಬಗೆದ ದ್ರೋಹ.

ಮನುಷ್ಯ ತೀರಿಹೋದ ಮೇಲೂ ನಿಲ್ಲದ ಪುಣ್ಯಗಳಲ್ಲಿ ನಿರಂತರ ದಾನವನ್ನೂ ಪ್ರಯೋಜನಕಾರಿ ಜ್ಞಾನವನ್ನೂ ಪ್ರವಾದಿವರ್ಯರು(ಸ) ಎಣಿಸಿದ್ದಾರೆ. ಕೈಯಿಂದ ಕೈಗೆ ಸಾಗುವ ಪುಸ್ತಕದಲ್ಲಿ ಇವೆರಡೂ ಸೇರಿವೆ. ರದ್ದಿಯವನು ಬಾಗಿಲಿಗೆ ಬರುವ ಮುನ್ನ ನಮ್ಮ ಅಟ್ಟಗಳನ್ನೊಮ್ಮೆ ನೋಡೋಣ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ವೃದ್ಧಿಗೊಳಿಸಲಿ. ಆಮೀನ್.