ಸ್ವದೇಶಿ ತಂತ್ರಾಂಶ: ಬೀಗದ ಕೈ ಯಾರ ಬಳಿ?

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ನಮ್ಮ ಸದಸ್ಯ ಕುಟುಂಬಗಳಲ್ಲಿ ಹೆಚ್ಚಿನವರು ಗಮನಿಸಿರಲಾರರು. ಬಾಲಕನೊಬ್ಬನ ತಟ್ಟೆಗೆ ಚಟ್ನಿಪುಡಿ ಬೀಳುವಷ್ಟರಲ್ಲಿ ಅವನ ತಾಯಿ ಕೈ ಅಡ್ಡ ಹಿಡಿದು, "ಇದರಲ್ಲಿ ಶೇಂಗಾ ಇದೆಯೇ?" ಎಂದು ಕೇಳಿದರು. ಇತ್ತು. ಆ ಮಗುವಿಗೆ ಶೇಂಗಾದಿಂದ ತೀವ್ರ ಅಲರ್ಜಿ. ನೋಂದಣಿಯ ಸಮಯದಲ್ಲಿಯೇ ಆ ತಾಯಿ ಅದನ್ನು ಬರೆದು ತಿಳಿಸಿದ್ದರು. ಸ್ವಯಂಸೇವಕರೊಬ್ಬರು ಅದನ್ನು ನಮ್ಮ ಕೆಲಸದ ಬೋರ್ಡಿನಲ್ಲಿ ಒಂದು ಕಾರ್ಡಾಗಿ ದಾಖಲಿಸಿಯೂ ಇದ್ದರು. ಆದರೆ ಅಡುಗೆಯ ಹೊಣೆ ಹೊತ್ತಿದ್ದವರಿಗೆ ಆ ಕಾರ್ಡು ಕಾಣುತ್ತಿರಲಿಲ್ಲ. ನಾವು ಬಳಸುತ್ತಿದ್ದ ವಿದೇಶಿ ತಂತ್ರಾಂಶದ ಉಚಿತ ಖಾತೆಯಲ್ಲಿ ಎಷ್ಟು ಜನ ಇರಬಹುದೆಂಬುದಕ್ಕೆ ಹೊಸದಾಗಿ ಮಿತಿ ಬಂದಿತ್ತು. ಮಿತಿಯ ಹೊರಗುಳಿದವರಲ್ಲಿ ಅವರೂ ಒಬ್ಬರಾಗಿದ್ದರು.

ವೃತ್ತಿಯಿಂದ ವೈದ್ಯರಾಗಿ, ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಕುಳಿತಿದ್ದ ನಮಗೆ ಈ ಸಂಗತಿ ತಿಳಿದದ್ದು ಹತ್ತು ನಿಮಿಷಗಳ ಬಳಿಕ. ತಾಯಿಯ ಕೈಚೀಲದಲ್ಲಿ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ ಇತ್ತು. ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ನಮಗೆ ಸುಲಭವಲ್ಲ. ತಪ್ಪು ಮೂಲತಃ ತಂತ್ರಾಂಶದ್ದೂ ಅಲ್ಲ. ಮಿತಿಯ ಕುರಿತು ಮಿಂಚಂಚೆ ಬಂದಿತ್ತು, ನಾವು ಓದಿರಲಿಲ್ಲ. ಮಗುವಿನ ಆರೋಗ್ಯದ ವಿವರವನ್ನು ಸಭಾಂಗಣದ ಬಾಡಿಗೆ, ಗೇಮಾ ಸಂಸ್ಥೆಗೆ ಕಟ್ಟಬೇಕಾದ ಸಂಗೀತದ ಶುಲ್ಕ, ಬಿಸಿಬೇಳೆ ಬಾತಿನ ಪಾತ್ರೆಗಳ ಲೆಕ್ಕ ಇವುಗಳ ನಡುವೆ ಸಿಕ್ಕಿಸಿದವರೂ ನಾವೇ.

ಅಂದಿನಿಂದ ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆ ನಡೆದಿದೆ. ಹಳೆಯ ತಂತ್ರಾಂಶವನ್ನು ಬಿಡಬೇಕೆಂಬುದರಲ್ಲಿ ಬಹುತೇಕ ಒಮ್ಮತವಿದೆ. ಯಾವುದನ್ನು ಹಿಡಿಯಬೇಕು ಎಂಬಲ್ಲಿ ಮಾತು ಬಿಸಿಯಾಗುತ್ತದೆ. "ನಮ್ಮ ದೇಶದ್ದನ್ನೇ ಬಳಸೋಣ, ಜೋಹೋ ಇದೆಯಲ್ಲ" ಎಂದು ಕೆಲವರು. "ನಾವಿರುವುದು ಜರ್ಮನಿಯಲ್ಲಿ, ಇಲ್ಲಿಯದೇ ಆದ ಓಪನ್‌ಪ್ರಾಜೆಕ್ಟ್ ಇರುವಾಗ ಬೇರೆ ಏಕೆ?" ಎಂದು ಇನ್ನು ಕೆಲವರು. ಎರಡು ಮನೆಯುಳ್ಳವರಿಗೆ ಸ್ವದೇಶಿ ಎಂಬ ಪದ ಎಷ್ಟು ತೊಡಕಿನದೆಂದು ಆ ಸಂಜೆ ಅರಿವಾಯಿತು. ನಮ್ಮ ಸದಸ್ಯರಲ್ಲಿ ಅನೇಕರು ಹಗಲೆಲ್ಲ ಇದೇ ಬಗೆಯ ಸಾಧನಗಳೊಡನೆ ಬದುಕುವವರು: ಎರಡು ವಾರಗಳ ಸ್ಪ್ರಿಂಟ್, ಬೆಳಗಿನ ನಿಂತ ಸಭೆ, ಮುಗಿಯದ ಬ್ಯಾಕ್‌ಲಾಗ್. ಅವರ ಕಚೇರಿಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆ ಎಂದು ಕೇಳಿದ್ದೇವೆ. ಆದ್ದರಿಂದ ಈ ಬರಹ ಸಂಘದ ಬೋರ್ಡಿಗಷ್ಟೇ ಸೀಮಿತವಲ್ಲ.

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾದದ್ದು ರಷ್ಯಾದಲ್ಲಿ. ಯುಕ್ರೇನಿನ ಮೇಲೆ ಆಕ್ರಮಣ ನಡೆದ ಬಳಿಕ, 2022ರ ಮಾರ್ಚಿನಲ್ಲಿ, ಜೀರಾ ತಂತ್ರಾಂಶದ ಒಡೆಯರಾದ ಅಟ್ಲಾಸಿಯನ್ ಸಂಸ್ಥೆ ಆ ದೇಶದಲ್ಲಿ ಹೊಸ ಮಾರಾಟವನ್ನು ನಿಲ್ಲಿಸಿತು. ಅಲ್ಲಿಯ ತಂಡಗಳು ಯಾಂಡೆಕ್ಸ್ ಟ್ರ್ಯಾಕರ್, ಕೈಟೆನ್ ಮೊದಲಾದ ದೇಶೀಯ ಸಾಧನಗಳತ್ತ ಹೊರಳಿದವು. ಆ ಯುದ್ಧದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ತಂತ್ರಾಂಶವೆಂಬುದು ಅಂಗಡಿಯಿಂದ ಕೊಂಡು ತಂದ ಪಾತ್ರೆಯಲ್ಲ, ಬಾಡಿಗೆಯ ಮನೆ ಎಂಬುದು ಅಲ್ಲಿ ಬಯಲಾಯಿತು. ಇದು ದೂರದ ಮಾತೆಂದುಕೊಂಡಿದ್ದವರಿಗೆ 2025ರ ಜುಲೈ ಬೇರೆಯದನ್ನು ತೋರಿಸಿತು. ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣ ಘಟಕ ಹೊಂದಿರುವ ನಯಾರಾ ಎನರ್ಜಿಯ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು; ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆಗಳು ಆ ಸಂಸ್ಥೆಗೆ ಸಿಗದಂತಾದವು. ನಯಾರಾ ದೆಹಲಿ ಹೈಕೋರ್ಟಿನ ಮೊರೆಹೋಯಿತು, ಸೇವೆ ಮರಳಿತು. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅವರು ತಾವು ಜೋಹೋಗೆ ಬದಲಾಗುತ್ತಿರುವುದಾಗಿ ಸಾರ್ವಜನಿಕವಾಗಿ ಹೇಳಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎದ್ದ ಸಂಭ್ರಮ ಹಲವರಿಗೆ ನೆನಪಿರಬಹುದು.

ಆ ಸಂಭ್ರಮ ನಮಗೂ ಅರ್ಥವಾಗುತ್ತದೆ. ತೆಂಕಾಶಿಯಂಥ ಊರಿನಲ್ಲಿ ಕಚೇರಿ ತೆರೆದು ಜಗತ್ತಿಗೆ ತಂತ್ರಾಂಶ ಮಾರುವ ಸಂಸ್ಥೆಯ ಬಗ್ಗೆ ಹೆಮ್ಮೆ ಇರಬಾರದೇಕೆ? ಅಜೈಲ್ ತಂಡಗಳಿಗೆಂದೇ ಅವರ 'ಜೋಹೋ ಸ್ಪ್ರಿಂಟ್ಸ್' ಇದೆ. ಬೆಂಗಳೂರಿನಲ್ಲಿ ತಂಡ ನಡೆಸುವ ಸದಸ್ಯರೊಬ್ಬರು ಅದರಿಂದ ತೃಪ್ತರಾಗಿದ್ದಾರೆ. ನಮ್ಮ ತಕರಾರು ಹೆಮ್ಮೆಯ ಬಗ್ಗೆ ಅಲ್ಲ. ಹೆಮ್ಮೆ ಬಂದೊಡನೆ ಪ್ರಶ್ನೆ ನಿಂತುಹೋಗುತ್ತದಲ್ಲ, ಅದರ ಬಗ್ಗೆ. ವಿದೇಶಿ ಸಂಸ್ಥೆಗೆ ಕೇಳುವ ಪ್ರಶ್ನೆಗಳನ್ನು ನಮ್ಮವರಿಗೆ ಕೇಳಲು ಸಂಕೋಚಪಡುತ್ತೇವೆ. ನೆಂಟರ ಅಂಗಡಿಯಲ್ಲಿ ರಸೀದಿ ಕೇಳಿದಂತೆ.

ಸಂಸ್ಥೆಯ ದೇಶ ಯಾವುದು ಎಂಬುದೇ ಜಾರುವ ಸಂಗತಿ. ಅಟ್ಲಾಸಿಯನ್ ಹುಟ್ಟಿದ್ದು 2002ರಲ್ಲಿ, ಸಿಡ್ನಿಯಲ್ಲಿ. ಮುಂದೆ ಅದರ ಕಾನೂನಾತ್ಮಕ ನೆಲೆ ಬ್ರಿಟನ್ನಿಗೆ ಹೋಯಿತು, 2022ರಲ್ಲಿ ಅಮೆರಿಕಕ್ಕೆ. ಬಳಸುವವರ ಬೋರ್ಡಿನಲ್ಲಿ ಮಾತ್ರ ಏನೂ ಕದಲಲಿಲ್ಲ. ಕದಲಿದ್ದು ಬೇರೆಯ ಕಾರಣಕ್ಕೆ: ಅದೇ 2022ರ ಏಪ್ರಿಲಿನಲ್ಲಿ, ಹಳೆಯ ಒಂದು ಸಲಕರಣೆಯನ್ನು ತೆಗೆದುಹಾಕಲು ಹೊರಟ ಸಂಸ್ಥೆಯ ಎಂಜಿನಿಯರುಗಳು ತಪ್ಪು ಗುರುತುಸಂಖ್ಯೆಗಳ ಪಟ್ಟಿಯಿಂದಾಗಿ ಗ್ರಾಹಕರ ಇಡೀ ತಾಣಗಳನ್ನೇ ಅಳಿಸಿಬಿಟ್ಟರು. ಸುಮಾರು 775 ಗ್ರಾಹಕರು ತೊಂದರೆಗೊಳಗಾದರು. ಕೆಲವರಿಗೆ ಎರಡು ವಾರಗಳವರೆಗೆ ತಮ್ಮ ಕೆಲಸದ ದಾಖಲೆಯೇ ಕಾಣಲಿಲ್ಲ. ಅಲ್ಲಿ ನಿರ್ಬಂಧವೂ ಇರಲಿಲ್ಲ, ಯುದ್ಧವೂ ಇರಲಿಲ್ಲ. ಇಂಥ ಕೈತಪ್ಪು ಯಾವ ದೇಶದ ಸಂಸ್ಥೆಯಲ್ಲಿಯೂ ನಡೆಯಬಹುದು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾವು ಇದನ್ನು ಓದಿ ನಗಲಿಲ್ಲ. ಹೆಸರಿನ ಬದಲು ಹಾಸಿಗೆಯ ಸಂಖ್ಯೆ ನೋಡಿ ಔಷಧಿ ಕೊಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು.

ದೇಶೀಯ ಎಂಬ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎನ್ನಲು ನಮ್ಮ ಸಂಘದ ಕಪಾಟೇ ಸಾಕ್ಷಿ. ಮೊದಲ ವರ್ಷಗಳ ಸ್ಮರಣ ಸಂಚಿಕೆಗಳನ್ನು ಮರುಮುದ್ರಿಸಲು ಹೊರಟು ಹಳೆಯ ಕಡತಗಳನ್ನು ತೆರೆದಾಗ ಪರದೆಯ ಮೇಲೆ ಕನ್ನಡದ ಬದಲು ರೋಮನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಕಂಡಿತು. ಆ ಕಡತಗಳು ಯೂನಿಕೋಡ್ ರೂಢಿಗೆ ಬರುವ ಮುನ್ನ ಸಿದ್ಧವಾದವು. ಅಂದಿನ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಒಂದೊಂದರ ಜೋಡಣೆಯೂ ಬೇರೆ. ನಿರ್ದಿಷ್ಟ ಅಕ್ಷರಶೈಲಿ ಗಣಕದಲ್ಲಿ ಇಲ್ಲದಿದ್ದರೆ ಬರೆದದ್ದು ಯಾರಿಗೂ ದಕ್ಕದು. ನಾವು ಬಳಸಿದ್ದ ಆ ಸಾಧನ ಕನ್ನಡಿಗರೇ ಕನ್ನಡಕ್ಕಾಗಿ ಪ್ರೀತಿಯಿಂದ ಕಟ್ಟಿದ್ದು. ಅದಕ್ಕಿಂತ ಸ್ವದೇಶಿ ಇನ್ನಾವುದು? ಆದರೂ ಹಿರಿಯರೊಬ್ಬರು ತಮ್ಮ ತಾಯಿಯ ಬಗ್ಗೆ ಬರೆದ ಲೇಖನ ಅದರಲ್ಲಿಯೇ ಸಿಕ್ಕಿಹಾಕಿಕೊಂಡಿತು. ಪರಿವರ್ತಕಗಳ ನೆರವಿನಿಂದ ಬಿಡಿಸಿದೆವು. ಒತ್ತಕ್ಷರಗಳನ್ನು, ಅರ್ಕಾವತ್ತುಗಳನ್ನು ಕೈಯಿಂದಲೇ ತಿದ್ದಲು ಮೂರು ಭಾನುವಾರಗಳು ಹಿಡಿದವು. ಇಂದು ಬರೆದ ಕನ್ನಡ ಯಾವ ಫೋನಿನಲ್ಲಿಯೂ ತೆರೆದುಕೊಳ್ಳುತ್ತದೆ. ಅದಕ್ಕೆ ಕಾರಣ ಯೂನಿಕೋಡ್ ಎಂಬ ಎಲ್ಲರ ಮಾನಕ. ಅದು ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ತಂತ್ರಾಂಶವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಒಳಬಾಗಿಲನ್ನಲ್ಲ, ಹೊರಬಾಗಿಲನ್ನು. ಬಿಟ್ಟುಹೋಗಬೇಕೆಂದಾಗ ನಮ್ಮ ಸಾಮಾನು ನಮ್ಮ ಜೊತೆ ಬರುತ್ತದೆಯೇ? ಹೆಚ್ಚಿನ ಬೋರ್ಡುಗಳಲ್ಲಿ 'ಎಕ್ಸ್‌ಪೋರ್ಟ್' ಗುಂಡಿ ಇರುತ್ತದೆ. ಒತ್ತಿ ನೋಡಿದರೆ ಕಾರ್ಡಿನ ಶೀರ್ಷಿಕೆ, ದಿನಾಂಕ, ಹೊಣೆ ಹೊತ್ತವರ ಹೆಸರು ಒಂದು ಕೋಷ್ಟಕವಾಗಿ ಕೈಗೆ ಬರುತ್ತವೆ. ಲಗತ್ತಿಸಿದ ಬಿಲ್ಲುಗಳು, ಕಾರ್ಡಿನ ಕೆಳಗೆ ನಡೆದ ಮಾತುಕತೆ, ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ಇತಿಹಾಸ ಇವು ಎಷ್ಟೋ ಸಲ ಅಲ್ಲಿಯೇ ಉಳಿಯುತ್ತವೆ. ರೋಗಿ ಬಂದ, ಅವನ ಕಡತ ಬರಲಿಲ್ಲ ಎಂಬಂತೆ.

ಈ ಹೋಲಿಕೆ ವೃತ್ತಿಯ ಚಾಳಿಯಿಂದ ಬಂದದ್ದೇನೋ ಹೌದು, ಆದರೆ ಅದರಲ್ಲಿ ಹುರುಳಿದೆ. ಜರ್ಮನಿಯ ಆಸ್ಪತ್ರೆಗಳಲ್ಲಿ ರೋಗಿಯನ್ನು ಮನೆಗೆ ಕಳುಹಿಸುವಾಗ 'ಆರ್ಟ್ಸ್‌ಬ್ರೀಫ್' ಎಂಬ ವೈದ್ಯಪತ್ರ ಬರೆಯುತ್ತೇವೆ. ರಾತ್ರಿ ಪಾಳಿ ಮುಗಿದ ಮೇಲೆ ಅದನ್ನು ಬರೆಯುವಾಗ ಶಪಿಸಿದ್ದೂ ಉಂಟು. ಆದರೆ ಮುಂದಿನ ವೈದ್ಯರು ಯಾರೇ ಇರಲಿ, ಆ ಪತ್ರ ಅವರಿಗೆ ಓದಲು ಬರುತ್ತದೆ. ಇಲ್ಲಿಯ ನಾಗರಿಕ ಸಂಹಿತೆಯ 630ಜಿ ವಿಧಿ ರೋಗಿಗೆ ತನ್ನ ಕಡತವನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಕೊಟ್ಟಿದೆ. ಮೊದಲ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕಾರಣ ಕೇಳುವಂತಿಲ್ಲ ಎಂದು ಯುರೋಪಿಯನ್ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಆ ದಿನಗಳಲ್ಲಿ ಸಹೋದ್ಯೋಗಿಗಳು ಗೊಣಗಿದರು, ನಾವೂ ಸ್ವಲ್ಪ ಗೊಣಗಿದೆವು. ಈಗ ತಂತ್ರಾಂಶದ ಲೋಕಕ್ಕೂ ಅಂಥದೊಂದು ಕಾನೂನು ಬಂದಿದೆ. ಯುರೋಪಿನ 'ಡೇಟಾ ಆಕ್ಟ್' 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕ್ಲೌಡ್ ಸೇವೆಯೊಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಅಡ್ಡಿ ಮಾಡಬಾರದು ಎಂಬುದು ಅದರ ಒಂದು ಮುಖ್ಯ ಭಾಗ. 2027ರ ಜನವರಿ 12ರ ನಂತರ ಹಾಗೆ ಬದಲಾಗುವುದಕ್ಕೆ ಶುಲ್ಕವನ್ನೂ ವಸೂಲು ಮಾಡುವಂತಿಲ್ಲ. ಕಚೇರಿಯಲ್ಲಿ ಇಂಥ ಒಪ್ಪಂದಗಳಿಗೆ ಸಹಿ ಹಾಕುವ ಸದಸ್ಯರು ಈ ದಿನಾಂಕವನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಜೀರಾವನ್ನು ಸ್ವಂತ ಸರ್ವರುಗಳಲ್ಲಿ ನಡೆಸುತ್ತಿರುವವರಿಗೆ ಇನ್ನೊಂದು ದಿನಾಂಕವೂ ಇದೆ: ಅದರ ಡೇಟಾ ಸೆಂಟರ್ ಆವೃತ್ತಿಗೆ 2029ರ ಮಾರ್ಚ್ 28ರಂದು ಕೊನೆ ಎಂದು ಅಟ್ಲಾಸಿಯನ್ ಘೋಷಿಸಿದೆ.

ಇನ್ನು ಜರ್ಮನಿಯ ಪರ್ಯಾಯದ ಮಾತು. ಓಪನ್‌ಪ್ರಾಜೆಕ್ಟ್ ಬರ್ಲಿನಿನದು. ಅದರ ಸಮುದಾಯ ಆವೃತ್ತಿ ಮುಕ್ತ ತಂತ್ರಾಂಶ. ಮೂಲಸಂಕೇತ ಎಲ್ಲರಿಗೂ ಲಭ್ಯ, ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು, ಸಂಸ್ಥೆ ನಾಳೆ ಮುಚ್ಚಿದರೂ ಸಂಕೇತ ಉಳಿಯುತ್ತದೆ. ಜರ್ಮನ್ ಸರ್ಕಾರಿ ಕಚೇರಿಗಳಿಗೆಂದು ರೂಪಿಸಲಾದ ಓಪನ್‌ಡೆಸ್ಕ್ ಎಂಬ ಸಂಪುಟದಲ್ಲಿ ಅದಕ್ಕೂ ಸ್ಥಾನವಿದೆ. ಷ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯವಂತೂ ತನ್ನ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮೈಕ್ರೋಸಾಫ್ಟಿನಿಂದ ಮುಕ್ತ ತಂತ್ರಾಂಶಕ್ಕೆ 2025ರಲ್ಲಿ ಸಾಗಿಸಿ ಮುಗಿಸಿತು. ಆದರೆ ಮ್ಯೂನಿಕ್ ನಗರದ ಪಾಠವನ್ನೂ ಮರೆಯಬಾರದು: ಲೀಮುಕ್ಸ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಲಿನಕ್ಸ್ ಬಳಸಿದ ಆ ನಗರಾಡಳಿತ 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ನಿರ್ಧಾರ ಮಾಡಿತು. ಬದಲಾವಣೆಗೆ ಬೆಲೆ ಇದೆ, ಅದನ್ನು ತೆರುವವರು ದಿನನಿತ್ಯ ಕೆಲಸ ಮಾಡುವವರು. ನಮ್ಮಲ್ಲಿ ಅದನ್ನು ತೆರುವವರು ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಹತ್ತಕ್ಕೆ ಗಣಕ ತೆರೆಯುವ ತಾಯಂದಿರು, ತಂದೆಯರು. ಓಪನ್‌ಪ್ರಾಜೆಕ್ಟನ್ನು ನಾವು ಮೂರು ವಾರ ಬಳಸಿ ನೋಡಿದೆವು. ಅಡುಗೆ ತಂಡಕ್ಕೆ ಅದು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಒಂದು ಲೋಟ ಹಾಲು ಕಾಯಿಸಿದಂತೆ ಕಂಡಿತು. ಒಂದು ಸಮಾಧಾನ: ಅದರ ಪರದೆಯ ಪದಗಳನ್ನು ಬಳಕೆದಾರರೇ ಅನುವಾದಿಸಲು ಅವಕಾಶವಿದೆ. 'ಬ್ಯಾಕ್‌ಲಾಗ್' ಎಂಬುದನ್ನು 'ಬಾಕಿ ಪಟ್ಟಿ' ಎಂದು ಓದಿದರೆ ಹಿರಿಯ ಸ್ವಯಂಸೇವಕರು ಎಷ್ಟು ನಿರಾಳರಾಗುತ್ತಾರೆಂದು ಕಲ್ಪಿಸಿಕೊಳ್ಳಬಲ್ಲೆವು.

ಅಜೈಲ್ ಎಂಬ ಪದ್ಧತಿಯನ್ನು 2001ರಲ್ಲಿ ಅಮೆರಿಕದ ಯೂಟಾದಲ್ಲಿ ಕಲೆತು ಘೋಷಿಸಿದ ಹದಿನೇಳು ಮಂದಿ ಮೊದಲಿಗೇ ಇಟ್ಟದ್ದು, ಸಾಧನಗಳಿಗಿಂತ ಜನರಿಗೂ ಅವರ ನಡುವಿನ ಒಡನಾಟಕ್ಕೂ ಹೆಚ್ಚಿನ ಬೆಲೆ ಎಂಬ ಮಾತನ್ನು. ಸಾಧನದ ದೇಶದ ಬಗ್ಗೆ ಎರಡು ಗಂಟೆ ವಾದಿಸಿದ ನಮ್ಮ ಸಮಿತಿಯಲ್ಲಿ, ಅಡುಗೆಯವರಿಗೆ ಅಲರ್ಜಿಯ ಪಟ್ಟಿಯನ್ನು ಯಾರು ಬಾಯಿಬಿಟ್ಟು ಹೇಳಬೇಕು ಎಂಬುದಕ್ಕೆ ಐದು ನಿಮಿಷವೂ ಸಿಗಲಿಲ್ಲ.

ಮುಂದಿನ ಸಭೆಯಲ್ಲಿ ನಾವು ಮಂಡಿಸಲಿರುವುದು ಇಷ್ಟು. ಯುಗಾದಿ ಕಾರ್ಯಕ್ರಮವನ್ನು ಓಪನ್‌ಪ್ರಾಜೆಕ್ಟಿನಲ್ಲಿ ನಡೆಸಿ ನೋಡೋಣ. ಅದಕ್ಕೂ ಮೊದಲು ಹಳೆಯ ಬೋರ್ಡಿನಿಂದ ಎಲ್ಲವನ್ನೂ ಇಳಿಸಿಕೊಂಡು, ಲಗತ್ತುಗಳು ನಿಜಕ್ಕೂ ತೆರೆಯುತ್ತವೆಯೇ ಎಂದು ಬೇರೊಂದು ಗಣಕದಲ್ಲಿ ಪರೀಕ್ಷಿಸೋಣ. ಮುಂದೆ ಮೂರು ತಿಂಗಳಿಗೊಮ್ಮೆ ಹೊಸದರಿಂದಲೂ ಹಾಗೆಯೇ ಇಳಿಸಿ ಪರೀಕ್ಷಿಸೋಣ. ಅದು ಹೊಂದದಿದ್ದರೆ ಜೋಹೋವನ್ನು ಅದೇ ಪ್ರಶ್ನೆಗಳೊಡನೆ ನೋಡೋಣ. ಮಕ್ಕಳ ಆರೋಗ್ಯದ ವಿವರ ಮಾತ್ರ ಯಾವ ದೇಶದ ಯಾವ ಬೋರ್ಡಿಗೂ ಹೋಗಬಾರದು. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮಾವಳಿಯ 9ನೇ ವಿಧಿ ಅಂಥ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಸಣ್ಣ ಸಂಘಗಳಿಗೆ ಅದರಿಂದ ವಿನಾಯಿತಿ ಇಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆದು, ಅಡುಗೆಯ ಮುಖ್ಯಸ್ಥರ ಕೈಗೆ ಕೊಟ್ಟು, ಅವರು ಓದಿದರೆಂದು ಖಚಿತಪಡಿಸಿಕೊಂಡು, ಕಾರ್ಯಕ್ರಮ ಮುಗಿದ ಸಂಜೆಯೇ ಹರಿದುಹಾಕುವ ಹೊಣೆಯನ್ನು ನಾವೇ ಹೊರುತ್ತೇವೆ. ಅಡ್ರಿನಲಿನ್ ಪೆನ್ನುಗಳನ್ನು ತಂದಿಟ್ಟಿದ್ದೇವೆ. ಅವುಗಳನ್ನು ಬಳಸುವ ಬಗೆಯನ್ನು ಯುಗಾದಿಯ ಹಿಂದಿನ ಶನಿವಾರ, ಮಕ್ಕಳ ನಾಟಕದ ತಾಲೀಮಿನ ಬಳಿಕ ತೋರಿಸಲಿದ್ದೇವೆ. ಬಡಿಸುವ ತಂಡದವರೆಲ್ಲ ದಯವಿಟ್ಟು ಅರ್ಧ ಗಂಟೆ ಉಳಿಯಬೇಕು.