ಕೆರೆಯಂಗಳ ಮತ್ತು ಕ್ರೀಡಾಂಗಣ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ತಂಡ ಪುಟ್ಟ ದೇಶ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದಿತು. ಗ್ಯಾಲರಿಯಲ್ಲಿ ನಾನೂ ಕುಣಿದೆ. ಕುಣಿದ ಜಾಗ ಒಂದು ಕಾಲಕ್ಕೆ ಸಂಪಂಗಿ ಕೆರೆ. ಈ ಮಾತೆತ್ತಿದರೆ ಗೆಳೆಯರ ಉತ್ತರ ಸಿದ್ಧವಿರುತ್ತದೆ: "ಬತ್ತಿ ಹೋಗಿದ್ದ ಕೆರೆ ಕಣೋ, ಖಾಲಿ ಜಾಗ. ಸ್ಟೇಡಿಯಂ ಆಗಿದ್ದೇ ಒಳ್ಳೇದಾಯ್ತು."

ಈ 'ಖಾಲಿ ಜಾಗ' ಎಂಬ ಮಾತಿನ ಮೇಲೇ ನನ್ನ ಜಗಳ. ನಮ್ಮೂರು ಶಿರಾ ತಾಲ್ಲೂಕಿನ ಮದಲೂರು. ನಾನು ಕಂಡಂತೆ ನಮ್ಮ ಕೆರೆ ತುಂಬಿದ್ದಕ್ಕಿಂತ ಒಣಗಿದ್ದ ವರ್ಷಗಳೇ ಹೆಚ್ಚು. ಬಯಲುಸೀಮೆಯಲ್ಲಿ ಬತ್ತುವುದು ಕೆರೆಯ ಸಾವಲ್ಲ, ಅದರ ಒಂದು ಕಾಲ. ಆಗ ಅಲ್ಲಿ ದನ ಕುರಿ ಮೇಯುತ್ತವೆ, ಗೋಡು ಮಣ್ಣು ಹೊಲಕ್ಕೆ ಹೋಗುತ್ತದೆ, ಹುಡುಗರು ಸ್ಟಂಪ್ ನೆಡುತ್ತಾರೆ. ನೀರು ಬಂದರೆ ಸ್ಟಂಪ್ ಕಿತ್ತುಕೊಂಡು ಏರಿ ಹತ್ತುತ್ತಾರೆ. ಆಟಕ್ಕೂ ಕೆರೆಗೂ ಹಗೆತನವಿಲ್ಲ, ಕಾಂಕ್ರೀಟಿಗಿದೆ. ಕ್ರೀಡಾಂಗಣದ 'ಅಂಗಣ'ವೇ ನಮ್ಮ ಬಾಯಲ್ಲಿ ಕೆರೆಯ 'ಅಂಗಳ'. ಅಂಗಳ ನೀರಿಗೆ ಜಾಗ ಬಿಡುತ್ತದೆ, ಅಂಗಣ ಬಿಡುವುದಿಲ್ಲ.

ಸಂಪಂಗಿ ಕೆರೆ ತಾನಾಗಿ ಇಲ್ಲವಾದದ್ದಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಬೆಂಗಳೂರಿಗೆ ಊರೊಳಗಿನ ಕೆರೆಗಳ ಹಂಗು ತಪ್ಪಿತು. ಹಂಗು ತಪ್ಪಿದ್ದಕ್ಕೆ ಕೆರೆ ಕುಗ್ಗಿತು, ಕುಗ್ಗಿದ್ದೇ ಅದನ್ನು ಮುಗಿಸಲು ನೆಪವಾಯಿತು. ಕೊನೆಗೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಈಗಿನ ಕ್ರೀಡಾಂಗಣ ಎದ್ದಿತು. ಇದೊಂದೇ ಅಲ್ಲ: ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಮೇಲಿದೆ, ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿಯ ಮೇಲಿದೆ. ಸಂಪಂಗಿಯಲ್ಲಿ ಉಳಿದದ್ದು ಕ್ರೀಡಾಂಗಣದ ಮಗ್ಗುಲಿನ ಒಂದು ಪುಟ್ಟ ಕೊಳ. ಕರಗದ ವಿಧಿಗಳಿಗೆ ತಿಗಳರು ಇಂದಿಗೂ ಅಲ್ಲಿಗೇ ಬರುತ್ತಾರೆ. ನಗರ ಮರೆತದ್ದು ಅವರಿಗೆ ನೆನಪಿದೆ.

ಹಾಗಾದರೆ ಕ್ರೀಡಾಂಗಣ ಕೆಡವಬೇಕೆ? ಬೇಡ. ಲೆಕ್ಕ ಮಾತ್ರ ನೇರವಾಗಿರಲಿ. ತನ್ನ ಕೆರೆಗಳನ್ನು ಮುಚ್ಚಿಕೊಂಡ ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಏರಿ ಬರುತ್ತದೆ. ಅದೇ ಕಾವೇರಿಯ ಉಪನದಿ ಹೇಮಾವತಿ, ಕೆರೆ ಉಳಿಸಿಕೊಂಡ ಮದಲೂರಿನ ಕಡೆ ಹರಿಯಬೇಕಾದರೆ ಚುನಾವಣೆ ಬರಬೇಕು. 2020ರ ಶಿರಾ ಉಪಚುನಾವಣೆಯಲ್ಲಿ ನಮ್ಮ ಕೆರೆ ತುಂಬಿಸುವುದೇ ದೊಡ್ಡ ಭರವಸೆಯಾಗಿತ್ತು. ಮರುವರ್ಷವೇ ಹಂಚಿಕೆಯಲ್ಲಿ ಮದಲೂರಿಗೆ ಪಾಲಿದೆಯೇ ಇಲ್ಲವೇ ಎಂಬ ವಾದ ಶುರುವಾಯಿತು. ಕೆರೆ ಮುಚ್ಚಿದವರ ಬಾಯಾರಿಕೆಗೆ ಯಾರೂ ಪಾಲಿನ ಪತ್ರ ಕೇಳುವುದಿಲ್ಲ. ಕೆರೆ ಕಾಯ್ದವರು ಮಾತ್ರ ಅದನ್ನು ಹಿಡಿದು ಅಲೆಯಬೇಕು.

ನಾವು ಸಾಹಿತ್ಯದ ಮಂದಿ ಇದರಲ್ಲಿ ನಿರ್ದೋಷಿಗಳಲ್ಲ. ಕಳೆದ ಕೆರೆಗಳ ಬಗ್ಗೆ ಕಣ್ಣೀರಿನ ಕವಿತೆ ಬರೆಯುತ್ತೇವೆ, ಒಣಗಿದ್ದನ್ನೆಲ್ಲ 'ಸತ್ತ ಕೆರೆ' ಎನ್ನುತ್ತೇವೆ. ಸತ್ತಿದೆ ಎಂದು ನಾವೇ ಬರೆದುಕೊಟ್ಟರೆ ಮೇಲೆ ಕಟ್ಟಲು ಕಾದವರಿಗೆ ಇನ್ನೇನು ಬೇಕು? 'ಬತ್ತಿದ ಕೆರೆ' ಎನ್ನೋಣ. ಬತ್ತಿದ್ದು ಮತ್ತೆ ತುಂಬಬಹುದು, ಜಾಗ ಬಿಟ್ಟಿದ್ದರೆ.