ಕುಶಲ ಕೇಳಿದ ಮೇಲೆ ಮನೆಗೆ

ನಮ್ಮ ಹುನಗುಂದದ ಒಂದು ಶಾಲೆಯಲ್ಲಿ ಆಗಸ್ಟ್ 15ರ ಧ್ವಜಾರೋಹಣ ಮುಗಿದ ಬಳಿಕ ಮಾಜಿ ಸೈನಿಕರಿಗೆ ಸನ್ಮಾನವಿತ್ತು. ಹೆಸರು ಕರೆದಂತೆ ಒಬ್ಬೊಬ್ಬರೇ ವೇದಿಕೆಗೆ ಬಂದರು. ನಿವೃತ್ತ ಹವಾಲ್ದಾರರು, ನಾಯಕರು, ಒಬ್ಬರು ಸುಬೇದಾರರು. ಶಾಲು, ಹಾರ, ಚಪ್ಪಾಳೆ. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಇಳಕಲ್ ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು ಕುಳಿತಿದ್ದ ಆಪಾ ಕೂಡ ಮನಸಾರೆ ಚಪ್ಪಾಳೆ ತಟ್ಟುತ್ತಿದ್ದರು.

ಆ ಆಪಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೇನೆಯ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿದು ಮೇಜರ್ ಹುದ್ದೆಯಲ್ಲಿ ನಿವೃತ್ತರಾದವರು. ಅಂದು ವೇದಿಕೆಯ ಮೇಲಿದ್ದ ಎಲ್ಲರಿಗಿಂತಲೂ ಅವರ ಹುದ್ದೆ ದೊಡ್ಡದು. ಆದರೆ ಪಟ್ಟಿ ಬರೆದವರ ಮನಸ್ಸಿನಲ್ಲಿ ಮಾಜಿ ಸೈನಿಕ ಎಂದರೆ ಗಂಡಸು. ಹೆಣ್ಣೂ ಇರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

"ನಿಮ್ಮ ಹೆಸರು ಯಾಕ ಕರೀಲಿಲ್ಲ ಆಪಾ?" ಎಂದು ಕೇಳಿದೆ. ಅವರು ನಕ್ಕರು. "ನಾ ಯಾರು ಅಂತ ಊರಾಗ ಯಾರಿಗೆ ಗೊತ್ತದ? ಗೊತ್ತಿದ್ದವರು ಎರಡಾ ಪ್ರಶ್ನಿ ಕೇಳ್ತಾರ. ಪೆನ್ಶನ್ ಎಷ್ಟು ಬರ್ತದ? ಲಗ್ನಾ ಯಾಕ ಆಗಲಿಲ್ಲ?"

ನಾನು ತಲೆ ತಗ್ಗಿಸಿದೆ. ಅವರು ಊರಿಗೆ ಮರಳಿದ ಹೊಸತರಲ್ಲಿ ಮೊದಲನೆಯ ಪ್ರಶ್ನೆಯನ್ನು ನಾನೂ ಕೇಳಿದ್ದೆ.

ಅದೇ ವರ್ಷದ ಚಳಿಗಾಲದಲ್ಲಿ ಆಪಾ ಮೂರು ದಿನ ಜ್ವರದಲ್ಲಿ ಒಬ್ಬರೇ ಮಲಗಿದ್ದರು. ತಮ್ಮನ ಕುಟುಂಬ ಮದುವೆಗೆಂದು ಬೇರೆ ಊರಿಗೆ ಹೋಗಿತ್ತು. ನೂರಾರು ರೋಗಿಗಳ ತಲೆಯ ಬಳಿ ರಾತ್ರಿಯಿಡೀ ನಿಂತವರಿಗೆ ಒಂದು ಲೋಟ ಗಂಜಿ ಕೊಡುವವರಿರಲಿಲ್ಲ. ಅದು ನಮಗೆ ತಿಳಿದದ್ದು ನಾಲ್ಕನೆಯ ದಿನ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎರಡೇ ಓಣಿ.

ಸಹೋದರಿಯರೇ, ಆ ದಿನ ನನಗೆ ಹ. ನುಸೈಬಾ ಬಿನ್ತ್ ಕಅಬ್(ರ) ನೆನಪಾದರು. ಉಮ್ಮು ಉಮಾರಾ ಎಂದು ಪ್ರಸಿದ್ಧರಾದ ಈ ಸಹಾಬಿ ಮಹಿಳೆ ಕ್ರಿ.ಶ. 625ರಲ್ಲಿ ಉಹುದ್ ರಣಾಂಗಣಕ್ಕೆ ಹೋದದ್ದು ಗಾಯಾಳುಗಳಿಗೆ ನೀರು ಕೊಡಲಿಕ್ಕೆ. ಮುಸ್ಲಿಮರ ಸಾಲು ಚದುರಿ ಪ್ರವಾದಿವರ್ಯರ(ಸ) ಜೀವಕ್ಕೆ ಅಪಾಯ ಬಂದಾಗ ಅವರು ನೀರಿನ ಚೀಲ ಕೆಳಗಿಟ್ಟು ಖಡ್ಗ ಹಿಡಿದರು. ಭುಜದ ಮೇಲೆ ಬಿದ್ದ ಆಳವಾದ ಗಾಯ ವಾಸಿಯಾಗಲು ಒಂದು ವರ್ಷ ಹಿಡಿಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಈ ವೀರಗಾಥೆಯನ್ನು ನಾವು ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಆದರೆ ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಉಹುದ್‌ನ ಮರುದಿನ ಪ್ರವಾದಿವರ್ಯರು(ಸ) ಹಮ್ರಾಉಲ್ ಅಸದ್ ಎಂಬಲ್ಲಿಗೆ ಹೊರಟರು. ನುಸೈಬಾ(ರ) ಕೂಡ ಹೊರಡಲು ಅಣಿಯಾದರು, ಆದರೆ ಗಾಯದ ರಕ್ತ ನಿಲ್ಲಲಿಲ್ಲ. ಪ್ರವಾದಿವರ್ಯರು(ಸ) ಅಲ್ಲಿಂದ ಮರಳಿದಾಗ ತಮ್ಮ ಮನೆಯನ್ನು ಸೇರುವ ಮೊದಲೇ ಒಬ್ಬರನ್ನು ನುಸೈಬಾರ(ರ) ಮನೆಗೆ ಕಳುಹಿಸಿ ಅವರ ಕುಶಲ ವಿಚಾರಿಸಿದರೆಂದೂ, ಕ್ಷೇಮವಾಗಿದ್ದಾರೆ ಎಂಬ ಸುದ್ದಿ ಕೇಳಿ ಸಂತೋಷಪಟ್ಟರೆಂದೂ ಇಬ್ನು ಸಅದ್ ದಾಖಲಿಸಿದ್ದಾರೆ.

ಯುದ್ಧದಿಂದ ದಣಿದು ಬಂದ, ಸ್ವತಃ ಗಾಯಗೊಂಡಿದ್ದ ನಾಯಕರಿಗೆ ಮೊದಲು ನೆನಪಾದದ್ದು ಗಾಯಗೊಂಡು ಮನೆಯಲ್ಲಿ ಮಲಗಿದ್ದ ಒಬ್ಬ ಹೆಣ್ಣು. ನಮಗೆ ನಾಲ್ಕು ದಿನ ಬೇಕಾಯಿತು.

ಇದು ಒಬ್ಬ ಆಪಾರ ಕಥೆ ಮಾತ್ರವಲ್ಲ. ನಮ್ಮ ದೇಶದಲ್ಲಿ ಸೇನೆಯೊಂದಿಗೆ ಹೆಣ್ಣಿನ ನಂಟು ಹಳೆಯದು. ಸೇನಾ ಆಸ್ಪತ್ರೆಗಳಿಗೆ ದಾದಿಯರು ಬಂದದ್ದು 1888ರಲ್ಲಿ. 1943ರಲ್ಲಿ ಅವರಿಗೆ ಅಧಿಕಾರಿಗಳ ದರ್ಜೆ ದೊರೆಯಿತು. 1992ರಿಂದ ವೈದ್ಯಕೀಯ ಅಲ್ಲದ ವಿಭಾಗಗಳಿಗೂ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲಾಯಿತು. ಆದರೆ ಅವರಲ್ಲಿ ಅನೇಕರು ಹೆಚ್ಚೆಂದರೆ 14 ವರ್ಷ ದುಡಿದು ಹೊರಬರಬೇಕಿತ್ತು. ಅಧಿಕಾರಿಗಳ ಪಿಂಚಣಿಗೆ 20 ವರ್ಷದ ಸೇವೆ ಬೇಕು. ಹಾಗಾಗಿ ಯೌವನವನ್ನು ಸೇನೆಗೆ ಕೊಟ್ಟವರು ಬರಿಗೈಯಲ್ಲಿ ಮನೆಗೆ ಬಂದರು. ಮಹಿಳೆಯರಿಗೂ ಶಾಶ್ವತ ಸೇವೆಯ ಅವಕಾಶ ಕೊಡಬೇಕೆಂದು 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಮದುವೆಯಾದ ಒಂದೇ ಕಾರಣಕ್ಕೆ ದಾದಿಯರನ್ನು ಸೇವೆಯಿಂದ ತೆಗೆಯುವ ನಿಯಮವೂ ಇತ್ತೆಂದರೆ ನಂಬುತ್ತೀರಾ? ಸೆಲಿನಾ ಜಾನ್ ಎಂಬ ಸೇನಾ ದಾದಿ 1988ರಲ್ಲಿ ಹೀಗೆ ಕೆಲಸ ಕಳೆದುಕೊಂಡರು. ಆ ನಿಯಮ 1995ರಲ್ಲಿ ರದ್ದಾಯಿತು. ಆದರೆ ಅವರಿಗೆ ಸುಪ್ರೀಂ ಕೋರ್ಟ್‌ನಿಂದ ನ್ಯಾಯ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, 60 ಲಕ್ಷ ರೂಪಾಯಿ ಪರಿಹಾರದ ರೂಪದಲ್ಲಿ. ನಡುವೆ ಕಳೆದುಹೋದ 36 ವರ್ಷಗಳಿಗೆ ಬೆಲೆ ಕಟ್ಟುವವರು ಯಾರು? ಲಗ್ನ ಯಾಕೆ ಆಗಲಿಲ್ಲ ಎಂದು ಆಪಾರಂಥವರನ್ನು ಕೇಳುವ ಮೊದಲು ನಾವು ಈ ಸಂಗತಿಯನ್ನು ತಿಳಿದಿರಬೇಕು.

ಇನ್ನು ಮುಂದೆ ಮರಳುವವರ ಸಂಖ್ಯೆ ಹೆಚ್ಚಲಿದೆ. ಸೇನೆಯ ಮಿಲಿಟರಿ ಪೊಲೀಸ್ ವಿಭಾಗದ ಮೊದಲ ಮಹಿಳಾ ತಂಡದ 83 ಮಂದಿ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ 8ರಂದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ 100 ಯುವತಿಯರು 2023ರ ಮಾರ್ಚ್‌ನಲ್ಲಿ ಅದೇ ಬೆಂಗಳೂರಿನಲ್ಲಿ ತರಬೇತಿ ಆರಂಭಿಸಿದರು. ನಾಲ್ಕರಲ್ಲಿ ಒಂದು ಪಾಲು ಮಂದಿಯನ್ನು ಮಾತ್ರ ಸೇವೆಯಲ್ಲಿ ಮುಂದುವರಿಸುವ ನಿಯಮದೊಂದಿಗೆ ಈ ಯೋಜನೆ ಶುರುವಾಯಿತು. ನಾಲ್ಕು ವರ್ಷದ ಬಳಿಕ ಮನೆಗೆ ಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಉಂಟು, ಪಿಂಚಣಿ ಇಲ್ಲ. ಇಪ್ಪತ್ತೆರಡು, ಇಪ್ಪತ್ತೈದರ ಹುಡುಗಿ, ಬೆಳಗಿನ ಜಾವ ಎದ್ದು ಓಡಿ, ಬಂದೂಕು ಹಿಡಿದು, ಆಜ್ಞೆ ಕೊಟ್ಟು ಪಡೆದು ಬೆಳೆದವಳು, ಒಂದು ಬೆಳಗ್ಗೆ ಅವ್ವನ ಅಡಿಗೆಮನೆಗೆ ಮರಳುತ್ತಾಳೆ. ಕೇಳಿದ್ದೆಲ್ಲಾ ಒಂದೇ ಮಾತು: "ಮುಂದ ಏನು?" ಆಕೆಗೆ ಉತ್ತರ ಗೊತ್ತಿರುವುದಿಲ್ಲ.

2025ರ ಮೇ 7ರಂದು ಕರ್ನಲ್ ಸೋಫಿಯಾ ಖುರೇಶಿ ಟಿವಿಯ ಮುಂದೆ ನಿಂತು ದೇಶಕ್ಕೆ ಮಾಹಿತಿ ನೀಡಿದಾಗ ನಮಗೆಲ್ಲ ಎಷ್ಟು ಹೆಮ್ಮೆಯಾಯಿತು! ಅವರು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಸೊಸೆ ಎಂದು ಗೊತ್ತಾದಾಗ ಆ ಹೆಮ್ಮೆ ಇಮ್ಮಡಿಯಾಯಿತು. ಹೆಮ್ಮೆ ಪಡುವುದು ಸುಲಭ, ಅದಕ್ಕೆ ಒಂದು ಸಂಜೆ ಸಾಕು. ಸಮವಸ್ತ್ರ ಕಳಚಿಟ್ಟು ಬಂದವಳ ಜೊತೆ ವರ್ಷಗಟ್ಟಲೆ ನಿಲ್ಲುವುದು ಕಷ್ಟ.

ಜ್ವರದ ಘಟನೆಯ ಬಳಿಕ ನಾವು ನಾಲ್ವರು ಸೇರಿ ಆಪಾರಿಗಾಗಿ ವಾರಕ್ಕೊಮ್ಮೆ ಕೂಡುವುದೆಂದು ನಿರ್ಧರಿಸಿದೆವು. ಮೊದಲ ದಿನವೇ ತಪ್ಪು ಮಾಡಿದೆವು. ನಮ್ಮಲ್ಲೊಬ್ಬರು ಸಹನೆಯ ಮೇಲೆ ಒಂದು ಗಂಟೆ ಉಪನ್ಯಾಸ ಕೊಟ್ಟರು. ಮುಂದಿನ ವಾರ ಆಪಾ ಬರಲಿಲ್ಲ. ಮನೆಗೆ ಹೋಗಿ ಕರೆದಾಗ ಹೇಳಿದರು: "ಸಬರ್ ನನಗ ಕಲಿಸಬ್ಯಾಡ್ರಿ. ಅದನ್ನ ನಾ ವಾರ್ಡಿನಾಗ ಕಲ್ತೀನಿ. ನನ್ನ ಕೂಡ ಕುಂತು ಚಹಾ ಕುಡೀರಿ."

ಆ ಒಂದು ಮಾತು ನಮಗೆ ಪಾಠವಾಯಿತು. ಕುರ್‌ಆನ್ ಸಹನೆಯನ್ನು ಪರಸ್ಪರ ಬೋಧಿಸಲು ಹೇಳುತ್ತದೆ. ಪರಸ್ಪರ ಎಂದರೆ ಒಬ್ಬರು ಮೇಲೆ ಕುಳಿತು ಇನ್ನೊಬ್ಬರಿಗೆ ಹೇಳುವುದಲ್ಲ, ಅವರಿಂದ ನಾವೂ ಕಲಿಯುವುದು. ಅಂದಿನಿಂದ ನಮ್ಮ ಕೂಟದಲ್ಲಿ ಮೊದಲು ಚಹಾ, ಆಮೇಲೆ ಮಾತು. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕುಳಿತಿರಬಹುದು. ಕೊನೆಗೆ ಒಂದು ಚಿಕ್ಕ ದುಆ.

ಈಗ ನಾವು ಏಳು ಮಂದಿ. ಅವರಲ್ಲಿ ಮಗಳನ್ನು ಸೇನೆಗೆ ಕಳಿಸಿದ ಒಬ್ಬ ಲಿಂಗಾಯತ ತಾಯಿ ಇದ್ದಾರೆ, ಯೋಧನ ಮಡದಿಯಾಗಿದ್ದು ವಿಧವೆಯಾದ ಒಬ್ಬ ಸಹೋದರಿ ಇದ್ದಾರೆ. ಬೇರೆ ಧರ್ಮದವರು ಯಾಕೆ ಎಂದು ಯಾರೋ ಕೇಳಿದರು. ಉತ್ತರ ಕೊಟ್ಟವರು ಆಪಾ. ಸೇನೆಯಲ್ಲಿ ಮೌಲವಿ, ಪಂಡಿತ, ಗ್ರಂಥಿ, ಪಾದ್ರಿ ಎಲ್ಲರನ್ನೂ ಧಾರ್ಮಿಕ ಶಿಕ್ಷಕರಾಗಿ ನೇಮಿಸುತ್ತಾರೆ. ಸರ್ವಧರ್ಮ ಸ್ಥಳವೆಂದು ಒಂದೇ ಸೂರಿನಡಿ ಎಲ್ಲರೂ ಪ್ರಾರ್ಥಿಸುವ ಜಾಗವೂ ಉಂಟು. "ಅಲ್ಲಿ ನನ್ನ ನಮಾಝಿಗೆ ಯಾರೂ ಅಡ್ಡಿ ಮಾಡಲಿಲ್ಲ, ನಾನೂ ಯಾರ ಪ್ರಾರ್ಥನಾಕ್ಕ ಅಡ್ಡಿ ಮಾಡಲಿಲ್ಲ. ಊರಿಗೆ ಬಂದು ಅದನ್ನ ಮರೀಲೇನು?" ಎಂದರು. ಕೃಷ್ಣಾ, ಮಲಪ್ರಭಾ ಕೂಡುವ ಕೂಡಲಸಂಗಮದ ನೆರೆಯಲ್ಲಿ ಇರುವ ನಮಗೆ ಈ ಮಾತು ಹೊಸದಾಗಬಾರದು.

ಧರ್ಮಶ್ರದ್ಧೆಯಿಂದ ಮನುಷ್ಯರ ನೋವಿಗೆ ಕೈಹಾಕಿದವರ ಮಾದರಿಯೂ ನಮ್ಮ ಸಮೀಪದಲ್ಲೇ ಇದೆ. 2018ರಲ್ಲಿ ಲಿಂಗೈಕ್ಯರಾದ ಇಳಕಲ್‌ನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಕೇಳಿದ್ದು ಹಣವನ್ನಲ್ಲ. ನಿಮ್ಮ ಕುಡಿತ, ಗುಟಕಾ ಮುಂತಾದ ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅವರು ಕಟ್ಟಡ ಕಟ್ಟಿ ಜನ ಬರಲೆಂದು ಕಾಯಲಿಲ್ಲ, ಮನೆಬಾಗಿಲಿಗೆ ತಾವೇ ಹೋದರು. ನಾವೂ ಮೊದಲು ಮಾಡಬೇಕಾದುದು ಇಷ್ಟೇ: ಬಾಗಿಲು ತಟ್ಟುವುದು.

ನಿಮ್ಮ ಊರಿನಲ್ಲೂ ಇಂಥ ಕೂಟ ಆರಂಭಿಸುವ ಮನಸ್ಸಿದ್ದರೆ ನಮ್ಮ ಅನುಭವದ ಕೆಲವು ಮಾತುಗಳನ್ನು ಗಮನದಲ್ಲಿಡಿ.

ಕೂಟದಲ್ಲಿ ಕೇಳಿದ ಮಾತು ಅಮಾನತ್. ಅದು ಹೊರಗೆ ಹೋದರೆ ಕೂಟ ಅಂದೇ ಮುಗಿಯಿತೆಂದು ತಿಳಿಯಿರಿ. ಯುದ್ಧದಲ್ಲಿ ಏನು ನೋಡಿದಿರಿ ಎಂದು ಕೆದಕಬೇಡಿ, ಅವರಾಗಿಯೇ ಹೇಳಿದರೆ ತಡೆಯಬೇಡಿ. ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಜನರಿಂದ ದೂರ ಸರಿಯುವುದು ವಾರಗಟ್ಟಲೆ ಮುಂದುವರಿದರೆ ಅದು ಈಮಾನಿನ ಕೊರತೆಯಲ್ಲ, ಆರೈಕೆ ಬೇಕಾದ ನೋವು. ಅದಕ್ಕೆ ದುಆದ ಜೊತೆ ವೈದ್ಯರೂ ಬೇಕು. 2022ರಲ್ಲಿ ಆರಂಭವಾದ ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಕಾಗದಪತ್ರದ ಕೆಲಸದಲ್ಲಿ ಜೊತೆ ನಿಲ್ಲಿ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು. ಸೇನಾ ಪಿಂಚಣಿಯ ವ್ಯವಹಾರವೆಲ್ಲ ಈಗ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಯಲ್ಲಿದೆ. ವಯಸ್ಸಾದ ವಿಧವೆಯರಿಗೆ ಅದು ದೊಡ್ಡ ಗೋಡೆ. ಕಾಲೇಜಿಗೆ ಹೋಗುವ ನಿಮ್ಮ ಮಗಳಿಗೆ ಅದು ಅರ್ಧ ಗಂಟೆಯ ಕೆಲಸ. ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಿಂದ ಇರುವ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಬಗ್ಗೆ, ಸೈನಿಕ ಕಲ್ಯಾಣ ಇಲಾಖೆಯ ನೆರವಿನ ಬಗ್ಗೆ ವಿಚಾರಿಸಿ ತಿಳಿಸಿ. ಒಬ್ಬರೇ ಕಚೇರಿ ಅಲೆಯುವುದಕ್ಕೂ ಇಬ್ಬರು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ಕರುಣೆಗೆ ಪಾತ್ರರೆಂದು ಕಾಣಬೇಡಿ. ಅವರಿಂದ ಪಡೆಯಿರಿ. ಹ. ರುಫೈದಾ(ರ) ಗಾಯಾಳುಗಳ ಆರೈಕೆಗಾಗಿ ಡೇರೆ ಹಾಕಿದ್ದು ಮದೀನಾದ ಪ್ರವಾದಿ ಮಸೀದಿಯಲ್ಲೇ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆದ್‌ರನ್ನು(ರ) ಆ ಡೇರೆಗೇ ತರಲಾಯಿತು. ಒಬ್ಬ ಹೆಣ್ಣಿನ ವಿದ್ಯೆಗೆ ಮಸೀದಿಯ ಒಳಗೆ ಜಾಗವಿತ್ತು ಎಂಬುದನ್ನು ನಮ್ಮ ಜಮಾಅತ್‌ಗಳ ಹಿರಿಯರು ದಯವಿಟ್ಟು ಗಮನಿಸಬೇಕು. ನಾವು ಕೇಳುವುದು ವಾರಕ್ಕೆ ಎರಡು ಗಂಟೆ ಒಂದು ಕೋಣೆ, ಒಂದು ಚಾಪೆ.

ನಮ್ಮ ಆಪಾ ಈಗ ತಿಂಗಳಿಗೊಮ್ಮೆ ಹೆಣ್ಣುಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಸುಟ್ಟ ಗಾಯಕ್ಕೆ ಪೇಸ್ಟ್ ಹಚ್ಚಬಾರದು, ತಣ್ಣೀರು ಹರಿಸಬೇಕು ಎಂದು ಅವರು ಗದರುವ ದನಿಯಲ್ಲಿ ಹಳೆಯ ಮೇಜರ್ ಇಣುಕುತ್ತಾರೆ. ಮೊನ್ನೆ ನೇಕಾರರ ಮನೆಯ ಒಬ್ಬ ಹುಡುಗಿ ಅವರ ಬಳಿ ಬಂದು, "ನಾನೂ ಮಿಲಿಟರಿ ನರ್ಸ್ ಆಗಬೇಕು, ಏನು ಓದಬೇಕು?" ಎಂದು ಕೇಳಿದಳು. ಆಪಾ ಅವಳನ್ನು ಹತ್ತಿರ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅವರು ಊರಿಗೆ ಬಂದು ಇಷ್ಟು ವರ್ಷಗಳಲ್ಲಿ ಮೂರನೆಯ ಪ್ರಶ್ನೆ ಕೇಳಿದವಳು ಅವಳೇ ಮೊದಲು.

ಈ ವಾರ ನಿಮ್ಮ ಓಣಿಯಲ್ಲಿ ಒಮ್ಮೆ ವಿಚಾರಿಸಿ ನೋಡಿ. ಸೇನೆಯಿಂದ ಮರಳಿದ ಒಬ್ಬ ಅಕ್ಕ, ಗಡಿಯಲ್ಲಿ ಮಗಳನ್ನೋ ಗಂಡನನ್ನೋ ಬಿಟ್ಟು ಕಾಯುತ್ತಿರುವ ಒಬ್ಬ ತಾಯಿ ಇದ್ದೇ ಇರುತ್ತಾರೆ. ಸಂತೆಯಿಂದ ಮರಳುವಾಗ ನಿಮ್ಮ ಮನೆ ಸೇರುವ ಮೊದಲು ಅವರ ಬಾಗಿಲು ತಟ್ಟಿ ಕುಶಲ ಕೇಳಿ. ಪ್ರವಾದಿವರ್ಯರ(ಸ) ಈ ಮಾದರಿಯನ್ನು ಪಾಲಿಸಲು ಹಣ ಬೇಡ, ಸಂಘ ಬೇಡ, ಮೈಕು ಬೇಡ. ಹತ್ತು ನಿಮಿಷ ಸಾಕು. ಅಲ್ಲಾಹನು ನಮಗೆ ಆ ಹತ್ತು ನಿಮಿಷದ ಮನಸ್ಸನ್ನು ಕರುಣಿಸಲಿ.